ಕಪ್ಪು ಡೇರೆ ಅರಳಿದ ಫೋನು

ಮೊಬೈಲ್ ಅಂಗಡಿಗಳಲ್ಲಿ ಒಂದು ಗಿಳಿ ಇರುತ್ತದೆ, ನೀವೂ ನೋಡಿರುತ್ತೀರಿ. ಮೇಜಿನ ಮೇಲೆ ಸಾಲಾಗಿ ಕಟ್ಟಿಹಾಕಿದ ಫೋನುಗಳಲ್ಲಿ ಅದು ದಿನವಿಡೀ ರೆಕ್ಕೆ ಬಿಚ್ಚುತ್ತಿರುತ್ತದೆ. ಅದು ಹಾರಿಹೋದ ಮೇಲೆ ಒಂದು ಹನಿ ನೀರು ನಿಧಾನವಾಗಿ ಬೀಳುತ್ತದೆ, ಆಮೇಲೆ ಯಾರೋ ಬಣ್ಣದ ಪುಡಿ ಎರಚುತ್ತಾರೆ, ಮತ್ತೆ ಗಿಳಿ. ಕಂಪನಿ ಯಾವುದಾದರೇನು, ಗಿಳಿ ಅದೇ. ಗಿಳಿ ನೋಡಬೇಕೆಂದು ಫೋನು ಕೊಂಡ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ. ಕೊಂಡವರೆಲ್ಲ ಮನೆಗೆ ಹೋಗಿ ನೋಡುವುದು ತಂಗಿಯ ಮಗುವಿನ ಮುಖ, ಗ್ಯಾಸ್ ಬುಕ್ಕಾದ ಮೆಸೇಜು, ಯಾರದೋ ಮದುವೆಯ ಊಟದ ಎಲೆ. ಆದರೂ ಬೆಲೆ ಕೊಟ್ಟದ್ದು ಗಿಳಿಗೆ.

ನಾನು ವ್ಯಾಪಾರದ ಹೆಂಗಸು. ಬನವಾಸಿ ಕಡೆಯ ಸಂತೆಗಳಲ್ಲಿ ನೆಲದ ಮೇಲೆ ಬಕೆಟ್ಟು, ಕೊಡ ಹರಡಿಕೊಂಡು ಕೂಗಿ ಮಾರಿದವಳು; ಈಗ ಶಿರಸಿಯಲ್ಲಿ ಕೊಡ, ಕುಂಡ, ತಾಡಪತ್ರಿಗಳ ಅಂಗಡಿ ಇಟ್ಟಿದ್ದೇನೆ. ಮಾರುವವರ ಮಾತಿನ ಒಳಗುಟ್ಟು ನನಗೆ ಗೊತ್ತು ಎಂಬುದು ನನ್ನ ಹೆಮ್ಮೆ. 'ಒಡೆಯೋದಿಲ್ಲ ನೋಡ್ರಿ' ಎಂದು ಬಕೆಟ್ಟನ್ನು ನೆಲಕ್ಕೆ ಬಡಿದು ತೋರಿಸುವಾಗ ಯಾವ ಮಗ್ಗುಲಿಗೆ ಬಡಿಯಬೇಕೆಂದು ನಾನೇ ಕಲಿತು ನಾಲ್ಕು ಜನಕ್ಕೆ ಕಲಿಸಿದ್ದೇನೆ. ಕೊಳ್ಳಲು ಹೋದರೂ ಅಷ್ಟೇ ಗಟ್ಟಿ. ನಾನು ಚೌಕಾಶಿ ಶುರುಮಾಡಿದೊಡನೆ ನಮ್ಮ ಮನೆಯವರು ಎದುರು ಗೋಡೆಯ ಜಾಹೀರಾತು ಓದತೊಡಗುತ್ತಾರೆ. ಹೀಗೆ ಓದಿ ಓದಿ ಶಿರಸಿ ಪೇಟೆಯ ಗೋಡೆಗಳೆಲ್ಲ ಅವರಿಗೆ ಬಾಯಿಪಾಠವಾಗಿವೆ. ಪರಿಚಯದವರು ಮಿಕ್ಸರ್ ಕೊಳ್ಳಲಿ, ಹೊಲಿಗೆ ಯಂತ್ರ ಕೊಳ್ಳಲಿ, ಗಿರಿಜಕ್ಕನನ್ನು ಕರೆದುಕೊಂಡು ಹೋಗು ಎನ್ನುತ್ತಾರೆ. ಕರೆಯದಿದ್ದರೂ ನಾನು ಹೋಗುವುದುಂಟು.

ನಾಗವೇಣಿ ಕರೆದಿದ್ದಳು. ಅವಳು ಹುಲೇಕಲ್ ಕಡೆಯವಳು, ಮಳೆಗಾಲಕ್ಕೆ ಮೊದಲು ನನ್ನ ಅಂಗಡಿಯಿಂದ ಕುಂಡ ಒಯ್ಯುವ ಖಾಯಂ ಗಿರಾಕಿ. ಕುಂಡ ಡೇರೆ ಹೂವಿಗೆ, ಪೇಟೆಯವರು ಡೇಲಿಯಾ ಎನ್ನುವುದಕ್ಕೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಗಸರಿಗೆ ಡೇರೆಯೆಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಹಬ್ಬಕ್ಕೆ ಬಂಗಾರದ ಸರ ಎರವಲು ಕೊಡುವ ಉದಾರಿಯೂ ಡೇರೆ ಗೆಡ್ಡೆ ಕೇಳಿದರೆ ಎರಡು ಸಲ ಯೋಚಿಸುತ್ತಾಳೆ. ಮೊದಲ ಮಳೆಗೆ ಗೆಡ್ಡೆ ನೆಟ್ಟರೆ ಶ್ರಾವಣ, ಭಾದ್ರಪದದಲ್ಲಿ ಊಟದ ತಟ್ಟೆಯಷ್ಟು ಹೂ. ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಮುಂದಿನ ಮಳೆಗಾಲದವರೆಗೆ ಜೋಪಾನ. ನಾಗವೇಣಿ ಹೂ ಬಿಟ್ಟಾಗ ಫೋಟೋ ತೆಗೆದು ಡೇರೆ ಬೆಳೆಯುವವರ ಮೊಬೈಲ್ ಗುಂಪಿಗೆ ಹಾಕುತ್ತಾಳೆ. ಬೇಕಾದವರು ಅಲ್ಲೇ ಹೇಳಿಡುತ್ತಾರೆ, ಗೆಡ್ಡೆ ಕಿತ್ತ ಮೇಲೆ ಅವಳು ಕಳಿಸುತ್ತಾಳೆ. ಅದು ಅವಳ ಸ್ವಂತ ಸಂಪಾದನೆ, ಅವಳ ಸ್ವಂತ ಹೆಸರು. ಮನೆಯಲ್ಲಿ ಉಳಿದದ್ದೆಲ್ಲ ಬೇರೆಯವರ ಹೆಸರಿನಲ್ಲಿದೆ. ಅವಳ ಹಳೆಯ ಫೋನಿನ ಗಾಜು ಸೀಳು ಬಿಟ್ಟು ಎಲ್ಲ ಹೂವಿಗೂ ನಡುವೆ ಒಂದು ಗೆರೆ ಬರುತ್ತಿತ್ತು. ಹೊಸದು ಬೇಕಾಯಿತು.

ಅಂಗಡಿಯಲ್ಲಿ ಎರಡು ಕಂಪನಿಯ ಪರವಾಗಿ ಇಬ್ಬರು ನಿಂತಿದ್ದರು, ಒಬ್ಬನದು ನೀಲಿ ಅಂಗಿ, ಇನ್ನೊಬ್ಬನದು ಹಸಿರು. ನೀಲಿ ಅಂಗಿಯ ಮಂಜುನಾಥ ನಮ್ಮ ಕಡೆಯವನೇ, ಸಂತೆಯಲ್ಲಿ ನನ್ನ ಕೂಗು ಕೇಳಿಕೊಂಡು ದೊಡ್ಡವನಾದವನು. "ಅಕ್ಕಾರ, ಇದರಾಗ ಒಂದೊಂದ ಚುಕ್ಕಿನೂ ತಾನ ಬೆಳಗತೈತ್ರಿ. ಕಪ್ಪು ಬೇಕಂದ್ರ ಚುಕ್ಕಿ ಆರಿಬಿಡತೈತಿ. ಖರೇ ಕಪ್ಪಂದ್ರ ಇದ" ಎಂದ. ಹಸಿರು ಅಂಗಿಯವನು ನಕ್ಕು, ಆ ಪರದೆಯಲ್ಲಿ ಒಂದೇ ಚಿತ್ರ ಬಹಳ ಹೊತ್ತು ಇಟ್ಟರೆ ಅದರ ಅಚ್ಚು ಉಳಿದುಬಿಡುತ್ತದೆ, ಕಣ್ಣೂ ನೋಯುತ್ತದೆ, ನಮ್ಮದು ಕಣ್ಣಿಗೆ ಹಿತ ಎಂದ. ಅತ್ತೆ ಸೊಸೆ ಇಬ್ಬರೂ ಒಬ್ಬರ ಅಡುಗೆಯ ಬಗ್ಗೆ ಇನ್ನೊಬ್ಬರು ಹೇಳುವುದರಲ್ಲಿ ಸ್ವಲ್ಪ ಸತ್ಯ ಇರುತ್ತದಲ್ಲ, ಹಾಗೆ ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇತ್ತು.

ನಾನು ತಿಳಿದುಕೊಂಡದ್ದನ್ನು ಹೇಳಿಬಿಡುತ್ತೇನೆ, ನಿಮಗೂ ಉಪಯೋಗಕ್ಕೆ ಬರಲಿ. ಹಸಿರು ಅಂಗಿಯವನ ಎಲ್‌ಸಿಡಿ ಎಂದರೆ ಬೆನ್ನಿಗೆ ಒಂದು ದೀಪ ಹಚ್ಚಿಟ್ಟು, ಎದುರಿಗೆ ಲಕ್ಷಾಂತರ ಪುಟ್ಟ ಕಿಟಕಿಗಳನ್ನು ತೆರೆದು ಮುಚ್ಚುವ ಏರ್ಪಾಡು. ಎಷ್ಟು ಬಿಗಿಯಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ. ಹಾಗಾಗಿ ಅದರ ಕಪ್ಪು ಹಳೆಯ ಕೊಡೆಯ ಬಟ್ಟೆಯ ಕಪ್ಪು. ನೀಲಿ ಅಂಗಿಯವನ ಓಎಲ್‌ಇಡಿಯಲ್ಲಿ ಬೆನ್ನಿನ ದೀಪವೇ ಇಲ್ಲ. ಪ್ರತಿ ಚುಕ್ಕೆಯೂ ಒಂದು ದೀಪ, ಆರಿಸಿದರೆ ಪೂರ್ತಿ ಕತ್ತಲೆ. ಇಲ್ಲಿಯವರೆಗೆ ಯಾರೂ ಸುಳ್ಳು ಹೇಳಿಲ್ಲ. ಸುಳ್ಳು ಅಲ್ಲದ, ಆದರೆ ಸತ್ಯವೂ ಅಲ್ಲದ ಒಂದು ಜಾತಿಯ ಮಾತು ಇರುತ್ತದೆ. ಅದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ.

ನಿಟ್ಸ್ ಎಂಬುದನ್ನೇ ನೋಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ಹೆಚ್ಚುಕಡಿಮೆ ಒಂದು ಮೇಣದಬತ್ತಿಯ ಬೆಳಕನ್ನು ಹಂಚಿದರೆ ಅದು ಒಂದು ನಿಟ್ ಅಂತೆ. ಡಬ್ಬದ ಮೇಲೆ ಸಾವಿರಗಟ್ಟಲೆ ಬರೆದಿರುತ್ತಾರೆ. ಅಷ್ಟು ಬೆಳಕು ಬರುವುದು ಪರದೆಯ ಒಂದು ಸಣ್ಣ ಮೂಲೆಯಲ್ಲಿ, ಅದೂ ಸ್ವಲ್ಪ ಹೊತ್ತು ಮಾತ್ರ. ಬಸ್ಸು ಇಳಿಜಾರಿನಲ್ಲಿ ಒಂದು ಗಳಿಗೆ ಓಡಿದ ವೇಗವನ್ನು ಬೋರ್ಡಿಗೆ ಬರೆದುಕೊಂಡ ಹಾಗೆ. ಇನ್ನು ನೂರು ಕೋಟಿ ಬಣ್ಣ ಎನ್ನುವುದು. ನಾನು ಪ್ಲಾಸ್ಟಿಕ್ ಕೊಡಗಳನ್ನು ಆರು ಬಣ್ಣದಲ್ಲಿ ತರಿಸುತ್ತೇನೆ, ಗಿರಾಕಿಗಳು ಅರ್ಧ ತಾಸು ಆರಿಸುತ್ತಾರೆ. ನೂರು ಕೋಟಿ ಬಣ್ಣ ಬಂದರೆ ಅಂಗಡಿ ಬಾಗಿಲು ಹಾಕುವುದು ಯಾವಾಗ?

ಪರದೆಯನ್ನು ಬಿಸಿಲಿನಲ್ಲಿ ನೋಡಬೇಕು ಎಂದೆ. ಸೀರೆ ಅಂಗಡಿಯಲ್ಲಿ ಸೀರೆಯನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿಯುವುದು ಹೆಂಗಸರ ಹಕ್ಕು, ಯಾವ ಅಂಗಡಿಯವನೂ ಬೇಡ ಎನ್ನುವುದಿಲ್ಲ. ಅದೇ ಧೈರ್ಯದಲ್ಲಿ ಫೋನು ಎತ್ತಿಕೊಂಡು ಬಾಗಿಲ ಕಡೆ ನಡೆದೆ. ಅದಕ್ಕೆ ಬಾಲದಂತೆ ಒಂದು ತಂತಿ ಕಟ್ಟಿದ್ದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ತಂತಿ ಕಿತ್ತು ಬಂತು, ಕಳ್ಳತನದ ಅಲಾರಂ ಅಂಗಡಿಯೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು, ರಸ್ತೆಯವರು ನಿಂತು ನೋಡಿದರು. ಆ ಅವಮಾನದ ಸಿಟ್ಟನ್ನೆಲ್ಲ ಚೌಕಾಶಿಗೆ ಹಾಕಿ, ಮಂಜುನಾಥನ ಫೋನಿಗೆ ಕವರ್ರು, ಮೇಲಿನ ಗಾಜು, ಒಂದು ಗೋಡೆ ಗಡಿಯಾರ ಗಿಟ್ಟಿಸಿಕೊಂಡು ಬಂದೆ. ಪರದೆಯನ್ನು ಬಿಸಿಲಿನಲ್ಲಿ ನೋಡುವುದು ಹಾಗೇ ಉಳಿಯಿತು.

ಆ ಭಾದ್ರಪದದಲ್ಲಿ ನಾಗವೇಣಿಯ ಗಿಡದಲ್ಲಿ ಒಂದು ಗಾಢ ಕೆಂಪು ಡೇರೆ ಬಿಟ್ಟಿತು, ಬಲು ಗಾಢ. ಹೊಸ ಫೋನಿನಲ್ಲಿ ಫೋಟೋ ತೆಗೆದು ನನಗೆ ತೋರಿಸಲು ಅಂಗಡಿಗೇ ಬಂದಳು. ಪರದೆಯ ಮೇಲೆ ಆ ಹೂ ಮಸಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ನಾನು, ಮಾರುವ ವಿದ್ಯೆ ಬಲ್ಲವಳು, ಕೆಂಪು ಊರೆಲ್ಲ ಇದೆ, ಕಪ್ಪು ಡೇರೆ ಎಂದು ಬರೆ ಅಂದೆ. ಬರೆದಳು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಗೆಡ್ಡೆಗೆ ಬೇಡಿಕೆ ಬಂತು. ಈ ತಾಲೂಕುಗಳಲ್ಲಿ ಕಪ್ಪು ಡೇರೆ ಕಂಡವರೇ ಇರಲಿಲ್ಲ.

ಡೇರೆಯ ವ್ಯಾಪಾರದಲ್ಲಿ ಇರುವ ಕಷ್ಟ ಏನೆಂದರೆ, ಕೊಂಡ ಮಾಲನ್ನು ಕಣ್ಣಾರೆ ನೋಡಲು ಮುಂದಿನ ಮಳೆಗಾಲವೇ ಬರಬೇಕು. ಬಂತು. ಮನೆಮನೆಯ ಅಂಗಳದಲ್ಲಿ ಕೆಂಪು ಹೂ ಬಿಟ್ಟಿತು. ಗುಂಪಿನಲ್ಲಿ ಹಿರಿಯಳಾದ ಸಿದ್ದಾಪುರದ ಲಲಿತಕ್ಕ ಎಲ್ಲರಿಗೂ ಕಾಣುವ ಹಾಗೆ ಬರೆದಳು: "ಕಪ್ಪು ಹೇಳಿ ಕೆಂಪು ಕಳ್ಸಿದ್ಯಲೆ, ನಾಗವೇಣಿ." ಲಲಿತಕ್ಕ ಬರೆದರೆ ಮುಗಿಯಿತು. ಈ ವರ್ಷಕ್ಕೆ ಬೇರೆ ಹೂವಿನ ಗೆಡ್ಡೆ ಹೇಳಿಟ್ಟಿದ್ದವರೂ ಒಬ್ಬೊಬ್ಬರಾಗಿ ಬೇಡವೆಂದರು.

ನಾಗವೇಣಿ ನನ್ನ ಅಂಗಡಿಗೆ ಬಂದು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಳು. "ಗೆಡ್ಡೆ ಕೊಳೆತ್ರೆ ಮತ್ತೆ ಬೆಳೆಸ್ಬಹುದು ಗಿರಿಜಕ್ಕ. ಸುಳ್ಳಿ ಅನ್ನಿಸಿಕೊಂಡ್ಮೇಲೆ ನನ್ನ ಗೆಡ್ಡೆ ಯಾರು ಮುಟ್ತಾರೆ?"

ನಾನು ನೇರ ಮೊಬೈಲ್ ಅಂಗಡಿಗೆ ಜಗಳಕ್ಕೆ ಹೋದೆ. ಮಂಜುನಾಥ ಅಲ್ಲೇ ಇದ್ದ, ಆದರೆ ಹಸಿರು ಅಂಗಿಯಲ್ಲಿ. ಆ ಕಂಪನಿ ಸಂಬಳ ಜಾಸ್ತಿ ಕೊಟ್ಟಿತಂತೆ. ನನ್ನನ್ನು ಗುರುತು ಹಿಡಿಯುವ ಮೊದಲೇ, ನೀಲಿಯವರ ಪರದೆ ಕಣ್ಣು ಕೆಡಿಸುತ್ತದೆ ಎಂದು ಶುರುಮಾಡಿದ. ಗುರುತು ಹಿಡಿದ ಮೇಲೆ ನಾಚಿ ನಿಜ ಹೇಳಿದ. ಸೆಟ್ಟಿಂಗಿನಲ್ಲಿ ಬಣ್ಣಕ್ಕೆ ಎರಡು ಮೂರು ಬಗೆ ಇರುತ್ತವೆ, ಒಂದು ಎದ್ದು ಕಾಣುವುದು, ಒಂದು ಸಹಜವಾದದ್ದು. ಕಂಪನಿಯವರು ಎದ್ದು ಕಾಣುವುದನ್ನೇ ಹಾಕಿ ಕಳಿಸುತ್ತಾರೆ. ಯಾಕೋ ಎಂದೆ. "ಬಾಜೂಕ ಇನ್ನೊಂದ ಕಂಪನಿ ಫೋನ್ ಇಟ್ಟಿರತಾರಲ್ರಿ ಅಕ್ಕಾರ. ನಮ್ಮ ಗಿಳಿ ಸಪ್ಪಗ ಕಂಡ್ರ ಯಾರ ತಗೋತಾರ?" ಜಗಳ ಅಲ್ಲಿಗೇ ಬಿಟ್ಟು ತಿರುಗಿ ಬಂದೆ. ನಾನೂ ಹಳೆಯ ಕೊಡದ ಪಕ್ಕದಲ್ಲೇ ಹೊಸ ಕೊಡ ಇಟ್ಟು ಮಾರುವವಳು.

ವರ್ಷಕ್ಕೊಮ್ಮೆ ಗುಂಪಿನ ಹೆಂಗಸರೆಲ್ಲ ಶಿರಸಿಯ ಒಂದು ಸಭಾಭವನದಲ್ಲಿ ಸೇರಿ ಹೂ ಜೋಡಿಸಿಟ್ಟು ನೋಡುವ ರೂಢಿ. ನಾಗವೇಣಿ ಬರುವುದಿಲ್ಲ ಎಂದಳು, ನಾನು ಬಿಡಲಿಲ್ಲ. ಆ ಕೆಂಪು ಡೇರೆಯನ್ನು ದಂಟಿನ ಸಮೇತ ಲೋಟದಲ್ಲಿಟ್ಟು ಮೇಜಿನ ನಡುವೆ ಇರಿಸಿದೆವು. ನಾನು ಸಂತೆಯ ಗಂಟಲು ತೆಗೆದೆ. "ಎಲ್ಲಾರೂ ಫೋನ್ ತಗೀರಿ. ನಾಗವೇಣಿ ಹೋದ ವರ್ಷ ಹಾಕಿದ್ದ ಫೋಟೋ ತಗದು ಈ ಹೂವಿನ ಸುತ್ತ ಇಡ್ರಿ."

ತಮಾಷೆಗೆಂದೇ ಇಟ್ಟರು. ಒಂದೇ ಫೋಟೋ, ಒಂದರಲ್ಲಿ ಮಸಿ, ಒಂದರಲ್ಲಿ ಬೀಟ್‌ರೂಟು, ಒಂದರಲ್ಲಿ ನೇರಳೆಹಣ್ಣು, ಇನ್ನೊಂದರಲ್ಲಿ ಹಂಚಿನ ಚೂರು. ಕಣ್ಣಿಗೆ ಹಿತವಾಗಲೆಂದು ಪರದೆಗೆ ಹಳದಿ ಛಾಯೆ ಹಾಕಿಸಿಕೊಂಡಿದ್ದ ಯಲ್ಲಾಪುರದವಳೊಬ್ಬಳ ಫೋನಿನಲ್ಲಿ ಅದು ಹುರಿದ ಕಾಫಿ ಬೀಜ. ಕ್ಯಾಮೆರಾ ತನ್ನ ಪಾಲಿನದು ಸೇರಿಸಿ, ಪರದೆ ತನ್ನ ಪಾಲಿನದು ಸೇರಿಸಿ, ಒಂದು ಹೂವಿನಿಂದ ಒಂದು ತೋಟ ಆಗಿತ್ತು. ನಡುವೆ ಇದ್ದ ಡೇರೆ ಯಾವುದಕ್ಕೂ ಹೊಂದುತ್ತಿರಲಿಲ್ಲ. ಲಲಿತಕ್ಕ ಕೊನೆಗೆ ತನ್ನ ಫೋನಿಟ್ಟಳು. ಎಲ್ಲಕ್ಕಿಂತ ಕಪ್ಪು ಅದರದೇ.

ಹೆಂಗಸರು ನಗತೊಡಗಿದರು. ಗೆದ್ದೆ ಎಂದುಕೊಂಡೆ. ಆದರೆ ಲಲಿತಕ್ಕ ನಗದೆ ನಾಗವೇಣಿಯ ಕಡೆ ತಿರುಗಿದಳು. "ಫೋನು ಏನಾದ್ರೂ ತೋರಿಸ್ಲಿ. ಕಪ್ಪು ಹೇಳಿ ಬರೆದದ್ದು ಫೋನಲ್ಲ, ನೀನು" ಎಂದಳು. ಬರೆ ಅಂದವಳು ನಾನು ಎಂದು ನಡುವೆ ಬಾಯಿ ಹಾಕಿದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾಗವೇಣಿ ತಲೆ ತಗ್ಗಿಸಲಿಲ್ಲ. "ಹೌದು ಲಲಿತಕ್ಕ. ಹೂವು ಕಣ್ಣೆದುರಿಗೇ ಇತ್ತು, ಫೋನ್ ನೋಡಿ ಬರೆದದ್ದು ತಪ್ಪು" ಎಂದಳು. ಆಮೇಲೆ ಡೇರೆಯನ್ನು ಲೋಟದಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ತನಗೆ ತಾನೇ ಹೇಳಿಕೊಂಡ ಹಾಗೆ ಅಂದಳು: "ಮುರುಗಲು ಸಿಪ್ಪೆ. ಒಣಗಿಸಿದ್ದು."

ಸುತ್ತಲಿದ್ದವರೆಲ್ಲ ಹೌದೆಂದರು. ನಮ್ಮಲ್ಲಿ ಸಾರಿನ ಹುಳಿಗೆಂದು ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆಯ ಡಬ್ಬಿ ಇಲ್ಲದ ಅಡುಗೆಮನೆ ಇಲ್ಲ. ಅದರ ಬಣ್ಣಕ್ಕೆ ಕಪ್ಪು ಎನ್ನುವ ಹಾಗಿಲ್ಲ, ಕೆಂಪು ಎನ್ನುವ ಹಾಗಿಲ್ಲ. ಆದರೆ ಅದು ಯಾವ ಬಣ್ಣ ಎಂದು ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿಯಂದಿರು ಬಣ್ಣ ಹೇಳುತ್ತಿದ್ದದ್ದೇ ಹಾಗೆ. ಈರುಳ್ಳಿ ಸಿಪ್ಪೆ ಬಣ್ಣದ ಸೀರೆ, ತುಪ್ಪದ ಬಣ್ಣದ ಆಕಳ ಕರು, ಗಿಣಿಹಸಿರು ಬಳೆ. ಅವರ ಲೆಕ್ಕದಲ್ಲಿ ಬಣ್ಣ ಕೋಟಿಗಟ್ಟಲೆ ಇರಲಿಲ್ಲ. ಇದ್ದಷ್ಟನ್ನು ಹೇಳಿದರೆ ಕೇಳಿದವರ ಕಣ್ಣಿಗೆ ಅದೇ ಬಣ್ಣ ಬರುತ್ತಿತ್ತು. ಕಂಪನಿಯವರು ಇಷ್ಟು ಖರ್ಚು ಮಾಡಿ ಪರದೆಯಿಂದ ಪರದೆಗೆ ಬಣ್ಣ ಹೊಂದಿಸಲು ಹೆಣಗುತ್ತಿರುವುದು ಇದಕ್ಕಾಗಿಯೇ ಅಲ್ಲವೇ?

ಅಂದಿನಿಂದ ಗುಂಪಿನಲ್ಲಿ ಒಂದು ಕಟ್ಟಳೆ: ಮೊದಲು ಬಣ್ಣವನ್ನು ಮನೆಯಲ್ಲಿರುವ ಒಂದು ವಸ್ತುವಿನ ಹೆಸರಿನಿಂದ ಬರೆಯಬೇಕು, ಆಮೇಲೆ ಫೋಟೋ. ಇಬ್ಬರು ಮೂವರು ಅಲ್ಲೇ ಮುರುಗಲು ಡೇರೆಯ ಗೆಡ್ಡೆ ಹೇಳಿಟ್ಟರು. ಲಲಿತಕ್ಕ ಮಾತ್ರ ನೋಡುವಾ ಎಂದಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಅವಳು ಹೇಳಿಡುವವರೆಗೆ ಉಳಿದವರೂ ಕಾಯುತ್ತಾರೆ ಎಂದು ನಾಗವೇಣಿಗೆ ಗೊತ್ತಿತ್ತು, ನನಗೂ.

ಈಗ ನನ್ನನ್ನು ಫೋನು ಕೊಳ್ಳಲು ಕರೆದರೆ ನಾನು ಹೇಳುವುದಿಷ್ಟು. ಪರದೆ ಯಾವ ಜಾತಿಯದಾದರೂ ಸರಿ. ಕಪ್ಪು, ಹೊಳಪು ಬೇಕಿದ್ದರೆ ಓಎಲ್‌ಇಡಿ, ಸೋವಿ ಬೇಕಿದ್ದರೆ ಎಲ್‌ಸಿಡಿ. ಆದರೆ ಅಂಗಡಿಯ ಗಿಳಿ ನೋಡಬೇಡಿ. ನೀವು ದಿನಾ ಕಾಣುವ ಯಾವುದಾದರೂ ಒಂದರ ಫೋಟೋ ಆ ಫೋನಿಗೆ ತರಿಸಿಕೊಂಡು, ಆ ವಸ್ತುವನ್ನು ಪಕ್ಕದಲ್ಲಿ ಹಿಡಿದು ನೋಡಿ. ಬಣ್ಣವನ್ನು ಸಹಜಕ್ಕೆ ಹಾಕಿಸಿ. ಮೊದಮೊದಲು ಸಪ್ಪೆ ಅನ್ನಿಸುತ್ತದೆ, ಉಪ್ಪು ಕಡಿಮೆ ಮಾಡಿದ ಸಾರಿನ ಹಾಗೆ. ಎರಡು ದಿನಕ್ಕೆ ನಾಲಿಗೆ ಹೊಂದಿಕೊಳ್ಳುತ್ತದೆ. ಬಾಗಿಲಿಗೆ ಒಯ್ಯುವ ಮೊದಲು ತಂತಿ ಬಿಡಿಸಲು ಹೇಳಿ.

ಕೆಲವು ದಿನ ಬಿಟ್ಟು ನಾಗವೇಣಿಯ ಕುಂಡದಲ್ಲಿ ಇನ್ನೊಂದು ಹೊಸ ಡೇರೆ ಅರಳಿತು. ಈ ಸಲ ನನ್ನ ಸಲಹೆ ಕೇಳಲಿಲ್ಲ. 'ಹಾಲಿಗೆ ಚಿಟಿಕೆ ಅರಿಶಿನ ಕದಡಿದ ಬಣ್ಣ' ಎಂದು ಬರೆದು ಫೋಟೋ ಹಾಕಿದಳು. ಬೆಳಗಿನಿಂದ ಗುಂಪಿನಲ್ಲಿ ಯಾರೂ ಗೆಡ್ಡೆ ಕೇಳಲಿಲ್ಲ. ಮಧ್ಯಾಹ್ನ ಅವಳು ಅಂಗಡಿಗೆ ಬಂದಾಗ ನಾನು ಕುಂಡಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದೆ. ಫೋನು ನನ್ನ ಮುಂದೆ ಹಿಡಿದಳು. ಸಿದ್ದಾಪುರದ ಲಲಿತಕ್ಕ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದಳು:

"ಫೋನಲ್ಲಿ ನಿಂಬೆಹಣ್ಣಿನ ಬಣ್ಣ ಕಾಣ್ತು. ಹಾಲಿಗೆ ಅರಿಶಿನ ಕದಡಿ ನೋಡಿ ಆತು, ಕುಡಿದೂ ಆತು. ಎಂಗೆ ಎರಡು ಗೆಡ್ಡೆ ಇಡು, ನಾಗವೇಣಿ."