ಹಸಿ ಬಣ್ಣದ ಮೇಲೆ ಮೂರು ಗೆರೆ

ಹೆಡತಲೆ ಊರಿನ ಚಾಮಯ್ಯನಿಗೆ ಕೋಪ ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಖುಷಿಯಾದರೆ ಆ ಬಾಯಿಗೆ ಬೀಗವೇ ಇರಲಿಲ್ಲ. ಟ್ರ್ಯಾಕ್ಟರಿನ ಮಾತು ಬಂತೆಂದರೆ ಕೇಳುವವರೇ ಎದ್ದು ಹೋಗಬೇಕು. ಅವನಪ್ಪ ಎಪ್ಪತ್ತನಾಲ್ಕರಲ್ಲಿ ಕೊಂಡ ಪುಟ್ಟ ಕೆಂಪು ಟ್ರ್ಯಾಕ್ಟರ್ ಅದು. ಹೆಂಡತಿ ದೇವೀರಮ್ಮ ಕವಲಂದೆಯಿಂದ ಮದುವಣಗಿತ್ತಿಯಾಗಿ ಬಂದದ್ದೂ ಅದರ ಟ್ರೈಲರಿನಲ್ಲೇ. ಆದರೆ ಆರು ವರ್ಷದಿಂದ ಅದು ಕೊಟ್ಟಿಗೆಯಲ್ಲಿ ಕೆಟ್ಟು ಕೂತಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು.

2002ರಲ್ಲಿ ದೇವೀರಮ್ಮನಿಗೆ ಇನ್ನೊಂದು ಹಸು ಬೇಕಾಯಿತು. ಕಟ್ಟಲು ಜಾಗವೆಲ್ಲಿ?

"ಇದ್ನ ಗುಜರಿಗೆ ಆಕಿ. ನರಸೀಪುರದವ್ನು ಬತ್ತೀನಿ ಅಂದವ್ನೆ," ಎಂದಳು.

"ಆಯುಧಪೂಜೆಗಂಟ ತಡ್ಕೊ ಕಣಮ್ಮಿ. ಅವತ್ತು ಸ್ಟಾರ್ಟ್ ಆಗ್ನಿಲ್ಲ ಅಂದ್ರೆ ನಾನೇ ಎತ್ತಿ ಕೊಡ್ತೀನಿ."

ಹೇಳಿಬಿಟ್ಟನೇ ಹೊರತು, ಅಪ್ಪ ಕೂತ ಸೀಟನ್ನು ತಕ್ಕಡಿಗೆ ಹಾಕುವುದು ಅವನ ಕೈಲಾಗದ ಮಾತು.

ಎರಡು ತಿಂಗಳು ಗದ್ದೆಯಿಂದ ಬಂದವನೇ ಕೊಟ್ಟಿಗೆಗೆ ನುಗ್ಗುತ್ತಿದ್ದ. ತಿರುಗದೆ ಬಿಗಿದುಕೊಂಡಿದ್ದ ಎಂಜಿನ್ನಿಗೆ ಡೀಸೆಲ್ ಸುರಿದು ಎಂಟು ದಿನ ನೆನೆಸಿದ. ತುಕ್ಕು ಉಜ್ಜಿ ಉಜ್ಜಿ ಬೆರಳ ತುದಿ ನುಣ್ಣಗಾಯಿತು. ತಿನ್ನುವ ಮುದ್ದೆಗೂ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ. ಕೊನೆಗೆ ಉಳಿದದ್ದು ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು: ಒಬ್ಬರು ಮೇಲೆ ಕೂತು ಕೀ ತಿರುಗಿಸಿ ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. ಊರವರನ್ನು ಕರೆದರೆ ನಗುತ್ತಾರೆಂಬ ಅಂಜಿಕೆ ಇವನಿಗೆ. ದೇವೀರಮ್ಮನೋ, ಗುಜರಿ ಮುಟ್ಟಲಾರೆನೆಂದು ಮುಖ ತಿರುಗಿಸಿದ್ದಳು. ಒಬ್ಬನೇ ಹತ್ತಿ ಇಳಿದು ಹೆಣಗಿದರೂ ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

ಹಬ್ಬದ ದಿನವೂ ಸ್ಟಾರ್ಟ್ ಆಗಲಿಲ್ಲ. ಹೋಗುವುದಾದರೂ ಅಂದವಾಗಿ ಹೋಗಲೆಂದು ಬೆಳಿಗ್ಗೆಯೇ ಕಡೆಯ ಸಲ ಕೆಂಪು ಬಳಿದು, ಸ್ನಾನಕ್ಕೆ ಹೋದ.

ಬಂದು ನೋಡುತ್ತಾನೆ, ಹಸಿ ಬಣ್ಣದ ಬಾನೆಟ್ಟಿನ ಮೇಲೆ ಅಡ್ಡಡ್ಡ ಮೂರು ವಿಭೂತಿ ಗೆರೆ, ನಡುವೆ ಕುಂಕುಮ, ಚೆಂಡುಹೂವಂತೂ ಗೋಂದು ಹಾಕಿದ ಹಾಗೆ ಅಂಟಿಕೊಂಡಿದೆ. ಪಕ್ಕದಲ್ಲಿ ಮೂರು ಬೆರಳು ಕೆಂಪು ಮಾಡಿಕೊಂಡು ದೇವೀರಮ್ಮ ನಿಂತಿದ್ದಾಳೆ. ಚಾಮಯ್ಯನ ಬಾಯಿ ಕಟ್ಟಿಹೋಯಿತು.

"ರಾವುಕಾಲ ಬತ್ತಿತ್ತು, ಅದ್ಕೇ ಬೇಗ ಮಾಡ್ಬುಟ್ಟೆ. ಒಣಗಿಲ್ಲ ಅಂತ ಯಾರ್ಗೆ ಗೊತ್ತು?" ಎಂದಳು ಅವಳು.

"ಗುಜರಿಗೆ ಓಗೋದಕ್ಕೆ ಪೂಜೆ ಯಾಕಮ್ಮಿ?"

"ಆ ಗುಜರಿಯವ್ನಿಗೆ ಬರ್ಬ್ಯಾಡ ಅಂತ ಮೊನ್ನೇನೇ ಏಳಿವ್ನಿ. ಇದು ಕೊಟ್ಗೆಯಿಂದ ಈಚೆಗೆ ಓಡುದ್ರೆ ಅಸುಗೂ ಜಾಗ ಆಯ್ತದೆ. ನನ್ನ ಕರ್ಕೊಬಂದ ಗಾಡಿ ಅಲ್ವಾ ಇದು?" ಎಂದವಳೇ ಸೆರಗು ಸಿಕ್ಕಿಸಿ ಸೀಟು ಹತ್ತಿದಳು. "ಎಲ್ಲಿ ತಿರುಗುಸ್ಬೇಕು, ಏಳಿ."

ಅವಳು ಸೆಲ್ಫ್ ಹೊಡೆದಳು. ಅವನು ನಟ್ಟು ಸಡಿಲಿಸಿದ. ಡೀಸೆಲ್ಲಿನ ಜೊತೆ ಗುಳ್ಳೆ ಬುಸಬುಸನೆ ಬಂದು ನಿಂತಿತು. ನಟ್ಟು ಬಿಗಿದ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗುಡು ಎಂದಿತು. ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಚಾಮಯ್ಯನ ಕಣ್ಣಲ್ಲಿ ನೀರು. ಹೊಗೆ ಎಂದು ಅವನು ಇವತ್ತಿಗೂ ಸುಳ್ಳು ಹೇಳುತ್ತಾನೆ.

ನಾಲ್ಕು ವರ್ಷದ ಮೇಲೆ ಮತ್ತೆ ಬಣ್ಣ ಬಳಿಯುವಾಗ ಹಳೆಯ ಬಣ್ಣದಲ್ಲೇ ಅಂಟಿ ಒಣಗಿದ್ದ ಆ ಮೂರು ಗೆರೆಯ ಜಾಗಕ್ಕೆ ಮಾತ್ರ ಅವನು ಬ್ರಷ್ ಸೋಕಿಸಲಿಲ್ಲ.