ಉಡಿ ತುಂಬಿದ ಹುಡುಗಿ

ವಿದೇಶದ ದಾನಿಗಳು ಓದಿಸುವ ಮಕ್ಕಳ ಫೋಟೊ ತೆಗೆಯುವುದು ನನ್ನ ಕೆಲಸ. ಕಲ್ಹೇರ್ ಹತ್ತಿರ ಒಂದು ಕುರಿ ಸಾಕುವವರ ಮನೆಗೆ ಹೋದಾಗ, ತಾಯಿ ಅಳುತ್ತಾ ಪುಟ್ಟ ಮಗಳ ಉಡಿಗೆ ಅಕ್ಕಿ, ಒಣಕೊಬ್ಬರಿ ತುಂಬುತ್ತಿದ್ದಳು, ಗಂಡನ ಮನೆಗೆ ಕಳಿಸುವ ಹಾಗೆ.

"ರಾತ್ರಿ ಅಂಜತಾಳ್ರಿ. ಮಗ್ಗಲಾಗ ಮಲಗಿಸ್ಕೋರಿ ಅಂತ ಪರದೇಶದ ಅಕ್ಕೋರಿಗಿ ಹೇಳ್ರಿ."

ಹೋದ ವರ್ಷ ನಮ್ಮ ಆಫೀಸಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕೆ ಮಗಳನ್ನೇ ಕೊಟ್ಟುಬಿಟ್ಟೆ ಅಂದುಕೊಂಡಿದ್ದಳು!

"ಎಲ್ಲಿಗೂ ಒಯ್ಯಂಗಿಲ್ಲವ್ವ. ಅವ್ರು ಬರೇ ಓದಸ್ತಾರ," ಅಂದೆ.

ಮಗಳನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಲ್ಲಿ ಹೊಟ್ಟಿ ತುಂಬ ಉಣ್ತಾಳಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಇನ್ನ ಹೆಂಗ್ರಿ?"

ಕ್ಯಾಮೆರಾ ಎತ್ತಿದೆ. ಫೋಟೊದಲ್ಲಿ ಮಗು ನಗುತ್ತಿರಬೇಕು ಅನ್ನುವುದು ನಮ್ಮ ಆಫೀಸಿನ ರೂಲು. ಹುಡುಗಿ ನಕ್ಕಳು. ತಾಯಿಯೂ ಫೋಟೊದಲ್ಲಿ ಬರಬೇಕು ಅನ್ನುವ ರೂಲು, ಪುಣ್ಯಕ್ಕೆ, ಇಲ್ಲ.