ಆಂಟಿಯ ಜೊತೆ ಊರು ನೋಡಿದ್ದು

ನಗುವಾಗ ಪಕ್ಕದ ಮನೆ ಆಂಟಿಯ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅವರು ಹಾಲು ಒಡೆದುಹೋಯಿತು ಎಂದರೂ ನನಗೊಬ್ಬಳಿಗೇ ಗುಟ್ಟು ಹೇಳಿದಂತಿರುತ್ತಿತ್ತು.

ಕೋವಿಡ್ ವರ್ಷ ನಾವು ಅಮೆರಿಕದ ಸ್ಯಾನ್ ಡಿಯಾಗೋ ಊರಿನ ಸ್ಕ್ರಿಪ್ಸ್ ರ್ಯಾಂಚ್‌ಗೆ ಬಂದಾಗ ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಫ್ರೀವೇ ಖಾಲಿಯಿದ್ದ ಆ ದಿನಗಳಲ್ಲಿ ಮಾಸ್ಕ್ ಹಾಕಿಕೊಂಡು ಪಕ್ಕದಲ್ಲಿ ಕೂತು ಕಲಿಸಿದವರು ಅವರೇ. "ಹೆದರಿಕೆ ಆದ್ರೆ ಹೆದರ್ಕೋ, ಸುಮ್‌ಸುಮ್ನೆ ಬ್ರೇಕ್ ಒತ್ಬೇಡ" ಎನ್ನುತ್ತಿದ್ದರು. ಅಂಕಲ್ ತೀರಿಕೊಂಡ ಮೇಲೆ ಸಂಜೆಯ ಕಾಫಿ ನಮ್ಮ ಮನೆಯಲ್ಲೇ. ನಮ್ಮ ಮಗ್‌ಗಳು ಭಾರವೆಂದು ತಮ್ಮ ಸ್ಟೀಲ್ ಲೋಟ ಹಿಡಿದುಕೊಂಡು ಬರುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಆಂಟಿ ಇಂಗ್ಲೆಂಡಿನಲ್ಲಿದ್ದವರು. ಅಲ್ಲಿಯ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡಿದ್ದರು. ಒಂದು ದಿನ, "ಆ ಹಳೇ ಚರ್ಚುಗಳ ಊರು ಇನ್ನೊಂದ್ಸಲ ನೋಡ್ಬೇಕು, ನೀನೂ ಬಾ" ಎಂದರು. ಹೊರಡುವ ಮುಂಚೆ ಮನೆಗೆ ಪೇಂಟ್ ಹೊಡೆಸಬೇಕೆಂದು ಸಾಮಾನನ್ನೆಲ್ಲ ಬಾಕ್ಸುಗಳಿಗೆ ತುಂಬಿದರು. ಟೇಪ್ ಅಂಟಿಸಿದವಳು ನಾನು.

ಸಾಲ್ಸ್‌ಬರಿಯಲ್ಲಿ, ಆಮೇಲೆ ಇನ್ನೊಂದು ಚರ್ಚಿನ ಊರಾದ ವೆಲ್ಸ್‌ನಲ್ಲಿ, ನಾನು ಕತ್ತೆತ್ತಿ ಕೆಥೆಡ್ರಲ್ ನೋಡುತ್ತಿದ್ದರೆ ಆಂಟಿ ಬಸ್ ಸ್ಟಾಪು, ಔಷಧಿ ಅಂಗಡಿ ಎಲ್ಲಿವೆಯೆಂದು ನೋಡುತ್ತಿದ್ದರು. ವೆಲ್ಸ್‌ನ ಸಂತೆಯಲ್ಲಿ ಚೀಸ್ ಮಾರುವವಳನ್ನು ಇಲ್ಲಿ ಚಳಿಗಾಲ ಹೇಗಿರುತ್ತದೆ ಎಂದು ವಿಚಾರಿಸಿದರು.

"ಎರಡು ಊರಲ್ಲಿ ಯಾವ್ದು ಚೆನ್ನಾಗಿದೆ, ಹೇಳು."

"ಇದೇ ಆಂಟಿ. ಇಲ್ಲೇ ಇದ್ಬಿಡೋಣ ಅನ್ಸತ್ತೆ" ಎಂದೆ.

ವಾಪಸು ಹೊರಡುವ ಬೆಳಿಗ್ಗೆ ಬಾಗಿಲ ಬಳಿ ನನ್ನ ಸೂಟ್‌ಕೇಸ್ ಮಾತ್ರ ಇತ್ತು.

"ನಾನು ಬರ್ತಿಲ್ಲ ಕಣೆ" ಎಂದರು ಆಂಟಿ. "ಆ ಮನೆ ಮಾರಾಯ್ತು. ಇಲ್ಲೇ ಒಂದು ಬಾಡಿಗೆಗೆ ನೋಡ್ಕೋತೀನಿ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಜೊತೆಗೆ ಬರ್ತಿರ್ಲಿಲ್ಲ. ಒಬ್ಳೇ ಊರು ಹುಡ್ಕಕ್ಕೆ ಭಯ ಆಯ್ತು."

ಟ್ಯಾಕ್ಸಿಯವನು ಸೂಟ್‌ಕೇಸ್ ಎತ್ತಿಟ್ಟ. ಅವರು ನನ್ನ ಸ್ವೆಟರ್‌ನ ಗುಂಡಿ ಹಾಕಲು ಬಂದರು. ನಾನು ಹಿಂದೆ ಸರಿದೆ.

ಸ್ಯಾನ್ ಡಿಯಾಗೋಗೆ ಮರಳಿದಾಗ ಅವರ ಡ್ರೈವ್‌ವೇಯಲ್ಲಿ ಯಾರದೋ ಕಾರು ನಿಂತಿತ್ತು. ಆಂಟಿ ಹೋಗುತ್ತಿದ್ದ ಭಜನೆ ಗುಂಪಿನವರಿಗೆ ವಿಷಯ ಹೇಳಿದೆ. "ಅಯ್ಯೋ, ನಿಮಗೆ ಹೇಳಿರ್ಲಿಲ್ವಾ?" ಎಂದರು. ಅಲ್ಲಿದ್ದ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಆಂಟಿ ಆಗಾಗ ಫೋನ್ ಮಾಡುತ್ತಿದ್ದರು. ನಾನು ಹಾಂ, ಹೂಂ ಎಂದು ಇಟ್ಟುಬಿಡುತ್ತಿದ್ದೆ. ಮರುವರ್ಷದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅಲ್ಲೇ ತೀರಿಕೊಂಡರು. ಅದೂ ನನಗೆ ತಿಳಿದದ್ದು ಭಜನೆ ಗುಂಪಿನ ಮೆಸೇಜಿನಿಂದ.

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ, ಈ ಊರಿನಲ್ಲಿ ಇಂಥದ್ದನ್ನೆಲ್ಲ ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ.